ಪೇಪರ್ ಓದುತ್ತಿದ್ದ ಹೆಂಗಸನ್ನು ಕಾಲಜ್ಞಾನಿ ಮಾಡಬೇಡಿ

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರದ ಸಾರ: “ಅಮೆರಿಕದ ಆಕ್ಟೇವಿಯಾ ಬಟ್ಲರ್ 1993ರಲ್ಲಿ ‘ಪ್ಯಾರಬಲ್ ಆಫ್ ದ ಸೋವರ್’ ಬರೆದರು. ಅದರಲ್ಲಿ 2025ಕ್ಕೆ ಲಾಸ್ ಏಂಜಲೀಸ್ ಸುತ್ತಮುತ್ತ ಬೆಂಕಿ. ಹಾಗೇ ಆಯಿತು. ಆಕೆ ಕಾಲಜ್ಞಾನಿಯೇ ಸರಿ. ಇಂಥ ಶಕ್ತಿ ಹುಟ್ಟಿನಿಂದ ಬರಬೇಕು. ನಾನೂ ವಿಜ್ಞಾನ ಕಥೆ ಬರೆಯಲು ಹೋಗಿ ಅರ್ಧಕ್ಕೇ ಬಿಟ್ಟೆ. ನಮ್ಮಂಥವರು ಓದಿಕೊಂಡಿರುವುದೇ ವಾಸಿ, ಅಲ್ವಾ?”

ಸಂಪಾದಕರ ಉತ್ತರ:

ನಿಮ್ಮ ಬೆರಗು ಅರ್ಥವಾಗುತ್ತದೆ. ಆ ಕಾದಂಬರಿ ಲಾರೆನ್ ಎಂಬ ಹುಡುಗಿಯ ದಿನಚರಿ. 2024ರ ಜುಲೈನಲ್ಲಿ ಶುರುವಾಗುತ್ತದೆ, 2025ರ ಫೆಬ್ರವರಿ 1ರ ಪುಟದಲ್ಲಿ ಅವಳ ಬೀದಿಯಲ್ಲಿ ಬೆಂಕಿ ಬೀಳುತ್ತದೆ. ಅದಕ್ಕೆ ಕೆಲವೇ ವಾರ ಮುಂಚೆ ಲಾಸ್ ಏಂಜಲೀಸ್ ಹತ್ತಿರದ ಅಲ್ಟಡೀನಾ ಊರು ನಿಜವಾಗಿಯೇ ಉರಿಯಿತು. ಬಟ್ಲರ್ ಅವರ ಸಮಾಧಿ ಇರುವುದೂ ಅದೇ ಊರಲ್ಲಿ. ಮೈ ಜುಮ್ಮೆನ್ನುತ್ತದೆ, ಒಪ್ಪಿದೆ. ಆದರೆ ಅಲ್ಲಿಂದ ಮುಂದೆ ನೀವು ಬರೆದದ್ದು ಓದಿ ನನಗೆ ಸ್ವಲ್ಪ ಸಿಟ್ಟೇ ಬಂತು.

ಈ ಪ್ರಶ್ನೆಗೆ ಬಟ್ಲರ್ ತಾವೇ ಉತ್ತರ ಕೊಟ್ಟಿದ್ದಾರೆ. 2000ದಲ್ಲಿ ‘ಎಸೆನ್ಸ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಒಬ್ಬ ವಿದ್ಯಾರ್ಥಿಯ ಮಾತು ಬರುತ್ತದೆ. ನಿಮ್ಮ ಪುಸ್ತಕದಲ್ಲಿರುವ ಕಷ್ಟಗಳೆಲ್ಲ ಮುಂದೆ ಬಂದೇ ಬರುತ್ತವೆ ಅಂತ ನಂಬಿದ್ದೀರಾ ಎಂದು ಅವನು ಕೇಳುತ್ತಾನೆ. ಇವು ನಾನು ಹುಟ್ಟಿಸಿದ ಕಷ್ಟಗಳಲ್ಲ, ಈಗಲೇ ಕಣ್ಣೆದುರು ಇದ್ದು ನಾವು ನಿರ್ಲಕ್ಷಿಸಿರುವ ತೊಂದರೆಗಳಿಗೆ ಬೆಳೆಯಲು ಒಂದು 30 ವರ್ಷ ಕೊಟ್ಟೆ ಅಷ್ಟೆ ಅನ್ನುವುದು ಅವರ ಉತ್ತರ. 1993ಕ್ಕೆ 30 ಕೂಡಿಸಿ ನೋಡಿ. ಇದರಲ್ಲಿ ದಿವ್ಯದೃಷ್ಟಿ ಎಲ್ಲಿ ಬಂತು?

ಅವರು ದಿನಾ ಪೇಪರ್ ಓದುತ್ತಿದ್ದರು, ಬೇಕಾದ ಸುದ್ದಿಯನ್ನು ಕತ್ತರಿಸಿ ಇಡುತ್ತಿದ್ದರು. ಅವರ ಟಿಪ್ಪಣಿ, ಹಸ್ತಪ್ರತಿ, ಪತ್ರಗಳೆಲ್ಲ ಈಗ ಅವರ ಹುಟ್ಟೂರು ಪ್ಯಾಸಡೀನಾ ಪಕ್ಕದ ಹಂಟಿಂಗ್ಟನ್ ಲೈಬ್ರರಿಯಲ್ಲಿವೆ. 300ಕ್ಕೂ ಜಾಸ್ತಿ ಪೆಟ್ಟಿಗೆಗಳು. ಕಾದಂಬರಿಯ ಮುಂದಿನ ಭಾಗ ಬಂದದ್ದು 1998ರಲ್ಲಿ. ಅದರಲ್ಲಿ ಒಬ್ಬ ರಾಜಕಾರಣಿ ಅಮೆರಿಕವನ್ನು ಮತ್ತೆ ದೊಡ್ಡದು ಮಾಡೋಣ ಅನ್ನುತ್ತಾನೆ. ಇದನ್ನೂ ಈಗ ಭವಿಷ್ಯವಾಣಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ! ಟ್ರಂಪ್‌ಗಿಂತ ಎಷ್ಟೋ ಮುಂಚೆ, 1980ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಪ್ರಚಾರದಲ್ಲಿ ಇದ್ದ ಘೋಷಣೆ ಅದು. ಜನ ಮರೆತದ್ದನ್ನು ಅವರು ಮರೆತಿರಲಿಲ್ಲ.

ಕಾಲಜ್ಞಾನಿ ಅಂತ ಒಂದು ಕೈ ಮುಗಿದುಬಿಟ್ಟರೆ ಆಕೆ ಪಟ್ಟ ಪಾಡೆಲ್ಲ ಅಳಿಸಿಹೋಗುತ್ತದೆ. ನನಗೆ ಸಂಕಟ ಆಗುವುದು ಅದಕ್ಕೇ.

ಬಟ್ಲರ್ ಹುಟ್ಟಿದ್ದು 1947ರಲ್ಲಿ, ಪ್ಯಾಸಡೀನಾದಲ್ಲಿ. ತಂದೆ ಶೂ ಪಾಲಿಶ್ ಮಾಡುತ್ತಿದ್ದವರು, ಮಗಳು ಚಿಕ್ಕವಳಿದ್ದಾಗಲೇ ತೀರಿಕೊಂಡರು. ತಾಯಿ ಬಿಳಿಯರ ಮನೆಗೆಲಸಕ್ಕೆ ಹೋಗುತ್ತಿದ್ದರು, ಆ ಮನೆಯವರು ಬೇಡವೆಂದು ಎಸೆದ ಪುಸ್ತಕಗಳನ್ನು ಮಗಳಿಗೆ ತರುತ್ತಿದ್ದರು. ಹುಡುಗಿಗೋ ವಿಪರೀತ ನಾಚಿಕೆ, ಎಲ್ಲರಿಗಿಂತ ಎತ್ತರ ಬೇರೆ, ಮೇಲಿಂದ ಓದು ಬರಹಕ್ಕೆ ತೊಡಕಾಗುವ ಡಿಸ್ಲೆಕ್ಸಿಯಾ. ಹತ್ತನೇ ವಯಸ್ಸಿಗೆ ತಾಯಿಯನ್ನು ಕಾಡಿಬೇಡಿ ಒಂದು ರೆಮಿಂಗ್ಟನ್ ಟೈಪ್‌ರೈಟರ್ ಕೊಡಿಸಿಕೊಂಡಳು. ಹನ್ನೆರಡಕ್ಕೆ ಟಿವಿಯಲ್ಲಿ ‘ಡೆವಿಲ್ ಗರ್ಲ್ ಫ್ರಮ್ ಮಾರ್ಸ್’ ಅನ್ನುವ ಕೆಟ್ಟ ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಲ್ಲೆ ಅಂದುಕೊಂಡು ಬರೆಯಲು ಕೂತಳು. ಕರಿಯರು ಲೇಖಕರಾಗೋಕಾಗಲ್ಲ ಕಣೇ ಅಂತ ಸ್ವಂತ ಚಿಕ್ಕಮ್ಮನೇ ಹೇಳಿದರು, ಅದೂ ಪ್ರೀತಿಯಿಂದ.

1970ರಲ್ಲಿ ಕ್ಲಾರಿಯನ್ ಎಂಬ ವಿಜ್ಞಾನ ಕಥೆಗಾರರ ಕಮ್ಮಟಕ್ಕೆ ಹೋದರು. ಎರಡು ಕಥೆ ಮಾರಾಟವಾದವು. ಆಮೇಲೆ ಐದು ವರ್ಷ ಒಂದೂ ಇಲ್ಲ. ಆ ಎರಡರಲ್ಲಿ ಒಂದಂತೂ ಅವರ ಜೀವಮಾನದಲ್ಲಿ ಅಚ್ಚಾಗಲೇ ಇಲ್ಲ, ಬೆಳಕು ಕಂಡದ್ದು 2014ರಲ್ಲಿ. ಆ ಐದು ವರ್ಷ ಪಾತ್ರೆ ತೊಳೆದರು, ಫೋನಿನಲ್ಲಿ ಸಾಮಾನು ಮಾರಿದರು, ಆಲೂಗಡ್ಡೆ ಚಿಪ್ಸ್ ಫ್ಯಾಕ್ಟರಿಯಲ್ಲಿ ಚಿಪ್ಸ್ ಆರಿಸಿದರು. ಬರೆಯಲು ಎದ್ದು ಕೂರುತ್ತಿದ್ದದ್ದು ರಾತ್ರಿ ಎರಡು ಗಂಟೆಗೆ. ಮೊದಲ ಕಾದಂಬರಿ ‘ಪ್ಯಾಟರ್ನ್‌ಮಾಸ್ಟರ್’ ಬಂದದ್ದು 1976ರಲ್ಲಿ. ಸ್ಫೂರ್ತಿಯನ್ನು ಮರೆಯಿರಿ, ಅಭ್ಯಾಸ ಅದಕ್ಕಿಂತ ನೆಚ್ಚಬಹುದಾದದ್ದು ಅಂತ ಅವರು ಹೊಸಬರಿಗೆ ಹೇಳುತ್ತಿದ್ದರು. ಈ ಮಾತು ಬಾಯಿಮಾತಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

‘ಕಿಂಡ್ರೆಡ್’ ನಿಮಗೆ ಇಷ್ಟ ಅಂತ ಬರೆದಿದ್ದೀರಿ, ತುಂಬಾ ಖುಷಿಯಾಯಿತು. 1976ರ ಕರಿಯ ಹೆಣ್ಣುಮಗಳೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್‌ಗೆ ಹೋಗಿ ಬೀಳುವ ಆ ಕಥೆ ಎಲ್ಲಿಂದ ಬಂತು ಗೊತ್ತಾ? ಅವರ ಕಾಲೇಜಿನಲ್ಲೊಬ್ಬ ಹುಡುಗನಿದ್ದ. ನಮ್ಮನ್ನು ಹಿಂದಕ್ಕೆ ಎಳೆದ ಈ ಹಳಬರನ್ನೆಲ್ಲ ಕೊಂದುಬಿಡಬೇಕು ಅನ್ನಿಸುತ್ತದೆ, ಆದರೆ ನಮ್ಮ ಅಪ್ಪ ಅಮ್ಮನಿಂದಲೇ ಶುರು ಮಾಡಬೇಕಾಗುತ್ತದೆ ಅಂದ. ಬಟ್ಲರ್‌ಗೆ ನೆನಪಾದದ್ದು ಕೆಲಸದ ಮನೆಗೆ ಹಿಂಬಾಗಿಲಿನಿಂದ ಹೋಗುತ್ತಿದ್ದ, ಎದುರಿಗೇ ಏನಂದರೂ ಕೇಳಿಸದವರಂತೆ ಇರುತ್ತಿದ್ದ ತಾಯಿ. ಹಾಗೆ ತಲೆತಗ್ಗಿಸಿ ತಂದ ದುಡ್ಡಿನಿಂದಲೇ ತನ್ನ ಹೊಟ್ಟೆ ತುಂಬಿತು ಅನ್ನುವುದನ್ನು ಆ ಹುಡುಗನಂಥವರಿಗೆ ತಿಳಿಸಬೇಕಿತ್ತು. ಅದಕ್ಕೆ ಬಸ್ಸು ಹತ್ತಿ ದೇಶದ ಆ ತುದಿಯ ಮೇರಿಲ್ಯಾಂಡ್‌ಗೆ ಹೋಗಿ ಜಾಗ ನೋಡಿಕೊಂಡು ಬಂದರು. 1979ರಲ್ಲಿ ಪುಸ್ತಕ ಬಂತು.

ಬಸ್ಸು ಅಂದೆನಲ್ಲ, ಅವರು ಕಾರು ಓಡಿಸುತ್ತಿರಲಿಲ್ಲ. ಲಾಸ್ ಏಂಜಲೀಸ್‌ನಂಥ ಕಡೆಯೂ ಸಿಟಿ ಬಸ್ಸಲ್ಲೇ ತಿರುಗಿದರು. ಒಮ್ಮೆ ಬಸ್ಸಿನಲ್ಲಿ ನಡೆದ ಹೊಡೆದಾಟ ನೋಡಿದ್ದೇ ‘ಸ್ಪೀಚ್ ಸೌಂಡ್ಸ್’ ಕಥೆಯಾಯಿತು, 1984ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಹ್ಯೂಗೋ ಪಡೆಯಿತು. ಪೆರುವಿನ ಅಮೆಜಾನ್ ಕಾಡಿಗೆ ಹೋಗುವ ಮುನ್ನ, ಚರ್ಮದೊಳಗೆ ಹುಳ ಬೆಳೆಸುವ ಅಲ್ಲಿನ ನೊಣಕ್ಕೆ ಅವರು ವಿಪರೀತ ಹೆದರಿದ್ದರು. ಆ ಹೆದರಿಕೆಯಿಂದ ಹುಟ್ಟಿದ್ದು ‘ಬ್ಲಡ್‌ಚೈಲ್ಡ್’. ಅದಕ್ಕೆ ಹ್ಯೂಗೋ, ಅಷ್ಟೇ ದೊಡ್ಡದಾದ ನೆಬ್ಯುಲಾ ಎರಡೂ ಬಂದವು. 1995ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮೆಕಾರ್ಥರ್ ಫೆಲೋಶಿಪ್, 2,95,000 ಡಾಲರ್. ವಿಜ್ಞಾನ ಕಥೆ ಬರೆಯುವವರಿಗೆ ಅದು ಸಿಕ್ಕಿದ್ದು ಅದೇ ಮೊದಲು. 2006ರಲ್ಲಿ, 58ನೇ ವಯಸ್ಸಿಗೇ ಹೋಗಿಬಿಟ್ಟರು. ನನ್ನ ಪುಸ್ತಕಗಳು ಬೆಸ್ಟ್‌ಸೆಲ್ಲರ್ ಪಟ್ಟಿ ಸೇರುತ್ತವೆ ಅಂತ 1988ರಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ‘ಪ್ಯಾರಬಲ್’ ನ್ಯೂಯಾರ್ಕ್ ಟೈಮ್ಸ್ ಪಟ್ಟಿಗೆ ಬಂದದ್ದು 2020ರಲ್ಲಿ. ಮರುವರ್ಷ ಮಂಗಳ ಗ್ರಹದಲ್ಲಿ ಪರ್ಸಿವಿಯರೆನ್ಸ್ ಎಂಬ ರೋವರ್ ಇಳಿದ ಜಾಗಕ್ಕೆ ನಾಸಾ ಅವರ ಹೆಸರಿಟ್ಟಿತು. ಇದನ್ನೆಲ್ಲ ನೋಡಲು ಅವರಿರಲಿಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ.

ಈಗ ನಿಮ್ಮ ಕಥೆಗೆ ಬರುತ್ತೇನೆ. ಭದ್ರಾ ನಾಲೆಯ ಕೊನೆಯ ಭಾಗಕ್ಕೆ ನೀರು ನಿಂತುಹೋದ ಮೇಲಿನ ಕಾಲದ ಕಥೆ, ಹುಟ್ಟು ಪ್ರತಿಭೆ ಇಲ್ಲದ್ದರಿಂದ ಬಿಟ್ಟೆ ಅಂದಿರಿ. ಪ್ರತಿಭೆಯ ಮಾತು ಹಾಗಿರಲಿ, ನಿಮ್ಮ ಕಡೆಯ ನೀರುಗಂಟಿಯನ್ನು ಒಮ್ಮೆಯಾದರೂ ಮಾತಾಡಿಸಿದಿರಾ? ಹಿಂದಿನ ಬರದ ವರ್ಷದ ಪೇಪರ್ ತೆಗೆದು ನೋಡಿದಿರಾ? ನಮಗೆ ಬರುವ ವಿಜ್ಞಾನ ಕಥೆಗಳಲ್ಲಿ ರಾಕೆಟ್ಟು, ರೋಬೋಟು ಬೇಕಾದಷ್ಟಿರುತ್ತವೆ. ಊರು ಇರುವುದಿಲ್ಲ. ನಿಮ್ಮದರಲ್ಲಿ ಊರಿದೆ. ಮುಗಿಸಿ ಕಳಿಸಿ, ನಾನೇ ಕೂತು ಓದುತ್ತೇನೆ.

ಹಳೇ ಪೇಪರ್ ಎಲ್ಲಿ ಸಿಗುತ್ತದೆ ಅಂತ ನೀವು ಕೇಳಬಹುದು. ನನ್ನ ಹೊಟ್ಟೆಯುರಿಯೂ ಅದೇ. ಬಟ್ಲರ್ ಬೆಳೆದದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ. ಉಚಿತ ಗ್ರಂಥಾಲಯಗಳು ಅಳಿದುಹೋಗುತ್ತಿವೆಯೇ ಅಂತ 1993ರಲ್ಲೇ ‘ಆಮ್ನಿ’ ಪತ್ರಿಕೆಯಲ್ಲಿ ಕೇಳಿದ್ದರು. ನಮ್ಮ ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದರೂ ಈಚೆಗೆ ನಾನು ಹೋದ ಒಂದು ಗ್ರಂಥಾಲಯದಲ್ಲಿ ತಿಂಗಳ ಹಿಂದಿನ ಪೇಪರ್ ಕೇಳಿದರೆ ತೂಕಕ್ಕೆ ಹಾಕಿಯಾಯಿತು ಅಂದರು. ಅಲ್ಲಿನ ನೌಕರರನ್ನು ದೂರಿ ಪ್ರಯೋಜನವಿಲ್ಲ, ಇಡಲು ಕಪಾಟೇ ಕೊಟ್ಟಿಲ್ಲ. ನಮ್ಮ ಓದುಗರೆಲ್ಲ ತಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ಎಷ್ಟು ಹೊತ್ತು ತೆರೆದಿರುತ್ತದೆ, ಹಳೇ ಪೇಪರ್ ಎಷ್ಟು ದಿನ ಇಡುತ್ತಾರೆ, ಕೊನೆಗೆ ಹೊಸ ಪುಸ್ತಕ ಬಂದದ್ದು ಯಾವಾಗ ಅಂತ ವಿಚಾರಿಸಿ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಊರಿನ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ.