ಥಾರ್ ಮರುಭೂಮಿಯ ಹಾದಿ ಮತ್ತು ಅದರ ಏಕಾಂತ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿಗಾಲದ ಪ್ರವಾಸಗಳ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದಾಗ ಬಂದ ಪತ್ರಗಳಲ್ಲಿ ಪಶ್ಚಿಮ ರಾಜಸ್ಥಾನದ ರಸ್ತೆಗಳನ್ನು ಕುರಿತವೇ ಹೆಚ್ಚಾಗಿದ್ದವು. ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿದ ಕೆಲವು ಪತ್ರಗಳನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜೋಧ್‌ಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಜೈಸಲ್ಮೇರ್ ಮತ್ತು ಗಡಿಯ ಕಡೆ ಸುತ್ತಿ ಬರೋಣ ಎಂದು ಮಗ ಒತ್ತಾಯಿಸುತ್ತಿದ್ದಾನೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನಗೆ, ಏನೂ ಇಲ್ಲದ ಬಯಲಿನಲ್ಲಿ ದಿನವಿಡೀ ಪ್ರಯಾಣ ಮಾಡುವುದರಲ್ಲಿ ಏನು ಸುಖವಿದೆಯೋ ಅರ್ಥವಾಗುತ್ತಿಲ್ಲ. (ತೀರ್ಥಹಳ್ಳಿಯ ಓದುಗರು)

ಉತ್ತರ: ಘಟ್ಟದ ರಸ್ತೆಯಲ್ಲಿ ಕಣ್ಣಿಗೆ ಸಿಗುವುದು ಮುಂದಿನ ತಿರುವಿನವರೆಗಿನ ಹಾದಿ ಮಾತ್ರ. ಆ ತಿರುವು ದಾಟಿದೊಡನೆ ತೊರೆಯೋ ತೋಟವೋ ಮನೆಯೋ ಹೊಸದಾಗಿ ಎದುರಾಗುತ್ತದೆ. ಹೀಗೆ ಒಂದಾದ ಮೇಲೊಂದು ಎದುರಾಗುವುದನ್ನೇ ನೋಡುವುದು ಎಂದು ತಿಳಿದ ಕಣ್ಣಿಗೆ ಮರುಭೂಮಿ ಮೊದಲ ದಿನ ಬರಿದಾಗಿ ಕಾಣುವುದು ಸಹಜ. ಅಲ್ಲಿ ಬದಲಾವಣೆ ನಿಧಾನ, ಅದನ್ನು ಗುರುತಿಸಲು ನೂರಾರು ಕಿಲೋಮೀಟರ್ ಹೋಗಬೇಕು. ಮರುಭೂಮಿಯನ್ನು ರಸ್ತೆಯ ಮೇಲೆಯೇ ನೋಡಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ರಾತ್ರಿ ರೈಲಿನಲ್ಲಿ ಮಲಗಿ ಬೆಳಿಗ್ಗೆ ಜೈಸಲ್ಮೇರ್‌ನಲ್ಲಿ ಇಳಿದವರಿಗೆ ಕೋಟೆ ಸಿಗುತ್ತದೆ, ಮರುಭೂಮಿ ಸಿಗುವುದಿಲ್ಲ.

ಜೋಧ್‌ಪುರದಿಂದ ಪೋಖರಣ್ ಮಾರ್ಗವಾಗಿ ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್. ಹೊರಟಾಗ ಇಕ್ಕೆಲಗಳಲ್ಲೂ ಸಜ್ಜೆಯ ಹೊಲಗಳು, ಹೊಲದ ನಡುವೆ ಸೊಪ್ಪು ಸವರಿಸಿಕೊಂಡು ನಿಂತ ಖೇಜ್ಡಿ ಮರಗಳು. ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರವೇ ಅದು. ಅಲ್ಲಿಯ ರೈತ ಹೊಲ ಉಳುವಾಗ ಬನ್ನಿಯನ್ನು ಕಡಿಯದೆ ಬಿಡುತ್ತಾನೆ. ಅದರ ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಮೇಲಿನ ಪೈರಿಗೆ ತೊಂದರೆಯಿಲ್ಲ. ಸೊಪ್ಪು ಆಡು ಒಂಟೆಗಳಿಗೆ ಮೇವಾಗುತ್ತದೆ, ಎಳೆಯ ಕಾಯಿ ಒಣಗಿ ಸಾಂಗರಿ ಪಲ್ಯವಾಗುತ್ತದೆ. ಈ ಮರವನ್ನು ಅಪ್ಪಿ ನಿಂತು ಉಳಿಸಲು ಹೋಗಿ 1730ರಲ್ಲಿ ಅಮೃತಾದೇವಿ ಮತ್ತು ಮರ, ಪ್ರಾಣಿಗಳ ರಕ್ಷಣೆಯನ್ನು ಧರ್ಮವೆಂದು ಪಾಲಿಸುವ ಬಿಷ್ಣೋಯಿ ಪಂಥದ ಇತರರು, ಒಟ್ಟು 363 ಮಂದಿ, ಪ್ರಾಣ ಕೊಟ್ಟ ಖೇಜಡ್ಲಿ ಗ್ರಾಮ ಜೋಧ್‌ಪುರದ ಸಮೀಪದಲ್ಲೇ ಇದೆ. ಪಶ್ಚಿಮಕ್ಕೆ ಸಾಗಿದಂತೆ ಹೊಲಗಳು ವಿರಳವಾಗಿ, ಮರಗಳು ಗಿಡ್ಡವಾಗಿ, ಪೋಖರಣ್ ದಾಟಿದ ಮೇಲೆ ಕಲ್ಲುಹಾಸಿನ ನೆಲ ತೆರೆದುಕೊಳ್ಳುತ್ತದೆ. ಥಾರ್ ಎಂದರೆ ಉದ್ದಕ್ಕೂ ಮರಳುದಿಬ್ಬ ಎಂಬ ಕಲ್ಪನೆ ಇಲ್ಲಿಗೆ ಬಿದ್ದುಹೋಗುತ್ತದೆ. ಜೈಸಲ್ಮೇರ್‌ನ ಸುತ್ತಲಿನ ಹಳದಿ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಬಿಟ್ಟುಹೋದದ್ದು. ಬಾರ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ದೂರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷಗಳಷ್ಟು ಹಳೆಯ ಮರದ ಬೊಡ್ಡೆಗಳು ಕಲ್ಲಾಗಿ ಬಿದ್ದಿವೆ. ತೊಗಟೆಯ ಗೀರು, ಗಂಟು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಒಂದು ಕಾಲದಲ್ಲಿ ದಟ್ಟ ಕಾಡಿದ್ದ ನೆಲ ಅದು. ಮಲೆನಾಡಿನವರಾದ ನೀವು ಅಲ್ಲಿ ಅರ್ಧ ಗಂಟೆ ನಿಲ್ಲಲೇಬೇಕು.

ಇನ್ನು ಸುಖದ ಮಾತು. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಪ್ರತಿ ಚದರ ಕಿಲೋಮೀಟರಿಗೆ 4,381 ಜನರಿದ್ದರೆ, 38,401 ಚದರ ಕಿಲೋಮೀಟರ್ ಹರಡಿದ ಜೈಸಲ್ಮೇರ್ ಜಿಲ್ಲೆಯಲ್ಲಿ ಇದ್ದದ್ದು 17 ಜನ. ನೇರ ರಸ್ತೆ, ಎದುರಿಗೆ ವಾಹನವಿಲ್ಲ, ಓದಲು ಜಾಹೀರಾತು ಫಲಕವಿಲ್ಲ. ಮೊದಲ ಒಂದು ಗಂಟೆ ಕಾರಿನಲ್ಲಿದ್ದವರೆಲ್ಲ ಮಾತನಾಡುತ್ತಾರೆ, ಆಮೇಲೆ ಮಾತು ತಾನಾಗಿ ಕಡಿಮೆಯಾಗುತ್ತದೆ. ಆ ಮೌನದಲ್ಲಿ ಮುನಿಸಿಲ್ಲ, ಬೇಸರವೂ ಇಲ್ಲ. ಹೇಳಲೇಬೇಕಾದದ್ದು ಏನೂ ಇಲ್ಲ ಎಂಬ ನೆಮ್ಮದಿ ಇದೆ. ಮಗನೊಡನೆ ಅಂಥ ಒಂದು ದಿನ ಕಳೆಯುವ ಅವಕಾಶವನ್ನು ಬಿಡಬೇಡಿ.

ಪ್ರಶ್ನೆ: ಕಳೆದ ವರ್ಷ ಏಕಾಂತವನ್ನು ಹುಡುಕಿಕೊಂಡು ಸಮ್ ಮರಳುದಿಬ್ಬಗಳಿಗೆ ಹೋಗಿದ್ದೆವು. ಸಾಲು ಸಾಲು ಡೇರೆಗಳು, ಮಧ್ಯರಾತ್ರಿಯವರೆಗೆ ಧ್ವನಿವರ್ಧಕ, ಮರಳಿನ ಮೇಲೆ ಜೀಪುಗಳ ಆರ್ಭಟ. ನಿಜವಾದ ಮರುಭೂಮಿ ಎಲ್ಲಿದೆ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ನಿರಾಸೆ ನ್ಯಾಯವಾದದ್ದು. ಜೈಸಲ್ಮೇರ್‌ನಿಂದ 40 ಕಿಲೋಮೀಟರ್ ದೂರದ ಸಮ್, ನವೆಂಬರ್‌ನಿಂದ ಫೆಬ್ರವರಿಯವರೆಗೆ ಒಂದು ಜಾತ್ರೆಯೇ ಸರಿ. ಆ ವ್ಯಾಪಾರವನ್ನು ನೆಚ್ಚಿ ಅನೇಕ ಕುಟುಂಬಗಳು ಬದುಕುತ್ತಿರುವುದರಿಂದ ಅದು ಇರಲೇಬಾರದು ಎನ್ನಲಾರೆ, ಆದರೆ ಏಕಾಂತ ಬೇಕಾದವರು ಅಲ್ಲಿ ತಂಗಬಾರದು. ನೈರುತ್ಯಕ್ಕಿರುವ ಖೂರಿ ಗ್ರಾಮದಲ್ಲಿ ಮಣ್ಣಿನ ಗೋಡೆಯ ಮನೆಗಳಲ್ಲಿ ಉಳಿಯುವ ವ್ಯವಸ್ಥೆ ಇದೆ, ಗದ್ದಲ ಎಷ್ಟೋ ಕಡಿಮೆ. ಅದಕ್ಕಿಂತ ಹೆಚ್ಚಾಗಿ ನಾನು ಸೂಚಿಸುವುದು ರಾಮ್‌ಗಢ, ತನೋಟ್, ಲೋಂಗೇವಾಲಾಗಳನ್ನು ಸುತ್ತಿ ಬರುವ ದಾರಿ.

ಜೈಸಲ್ಮೇರ್‌ನಿಂದ ತನೋಟ್‌ಗೆ ಸುಮಾರು 120 ಕಿಲೋಮೀಟರ್. ರಾಮ್‌ಗಢದವರೆಗೆ ಗಾಳಿಯಂತ್ರಗಳು ಜೊತೆಗಿರುತ್ತವೆ. ಅದನ್ನು ದಾಟಿದ ಮೇಲೆ ರಸ್ತೆ ದಿಬ್ಬಗಳ ಮೇಲೇರಿ ಇಳಿಯುತ್ತ ಹೋಗುತ್ತದೆ, ಕೆಲವೆಡೆ ಗಾಳಿ ಹೊತ್ತು ತಂದ ಮರಳು ಡಾಂಬರಿನ ಅರ್ಧಭಾಗವನ್ನು ಮುಚ್ಚಿರುತ್ತದೆ. ತನೋಟ್ ಮಾತೆಯ ಗುಡಿಯ ಸುತ್ತ 1965ರ ಯುದ್ಧದಲ್ಲಿ ಬಿದ್ದ ಪಾಕಿಸ್ತಾನಿ ಶೆಲ್ಲುಗಳು ಸಿಡಿಯಲಿಲ್ಲ ಎಂಬುದು ಅಲ್ಲಿಯ ನಂಬಿಕೆ. ಸಿಡಿಯದ ಕೆಲವು ಶೆಲ್ಲುಗಳನ್ನು ಗುಡಿಯಲ್ಲೇ ಇಟ್ಟಿದ್ದಾರೆ. ಪೂಜೆ, ಉಸ್ತುವಾರಿ ಗಡಿ ಭದ್ರತಾ ಪಡೆಯವರದು. ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಸಣ್ಣ ತುಕಡಿ ಬೆಳಗಾಗಿ ವಾಯುಪಡೆ ಬರುವವರೆಗೆ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದು ನಿಲ್ಲಿಸಿತು.

ಈ ಎರಡು ಜಾಗಗಳ ನಡುವೆ, ರಸ್ತೆ ಎರಡೂ ಕಡೆ ದೂರದವರೆಗೆ ಕಾಣುವಂಥ ಒಂದು ಕಡೆ ಕಾರನ್ನು ಅಂಚಿಗೆ ನಿಲ್ಲಿಸಿ, ಇಂಜಿನ್ ಆರಿಸಿ ಕೆಳಗಿಳಿಯಿರಿ. ಮೊದಲು ಕೇಳುವುದು ತಣ್ಣಗಾಗುತ್ತಿರುವ ಇಂಜಿನ್ನಿನ ಟಿಕ್ ಟಿಕ್ ಸದ್ದು. ಅದು ನಿಂತ ಮೇಲೆ, ಕಿವಿ ತನ್ನ ಅಭ್ಯಾಸದಿಂದ ಹೊರಬರಲು ಹೆಣಗಾಡುವ ಕೆಲವು ನಿಮಿಷಗಳಿವೆ. ಬಹಳ ಜನ ಇಲ್ಲೇ ಚಡಪಡಿಸಿ ಮೊಬೈಲ್ ತೆಗೆಯುತ್ತಾರೆ. ತಾಳ್ಮೆಯಿಂದ ನಿಂತರೆ ಎಕ್ಕದ ಗಿಡದ ದಪ್ಪ ಎಲೆಗೆ ಮರಳಿನ ಕಣ ತಾಗುವ ಸದ್ದು, ಎಲ್ಲಿಂದಲೋ ಬರುವ ಆಡಿನ ಕೊರಳಗಂಟೆ, ನಿಮ್ಮದೇ ಉಸಿರು ಒಂದೊಂದಾಗಿ ಕೇಳತೊಡಗುತ್ತವೆ. ಬೆಳಗಿನ ಹೊತ್ತಾದರೆ ಮರಳನ್ನು ಬಗ್ಗಿ ನೋಡಿ. ಜೀರುಂಡೆ ನಡೆದ ಹೊಲಿಗೆಯಂಥ ಸಾಲು, ನರಿಯ ಹೆಜ್ಜೆ, ಗರಗಸ ಮಂಡಲದ ಹಾವು ಪಕ್ಕಕ್ಕೆ ಎಸೆದುಕೊಂಡು ಸಾಗಿದ ಓರೆಗೀರುಗಳು ಅಲ್ಲಿರುತ್ತವೆ. ರಾತ್ರಿಯೆಲ್ಲ ಆ ದಿಬ್ಬದ ಮೇಲೆ ಸಂಚಾರವಿತ್ತು ಎಂಬುದು ಆಗ ತಿಳಿಯುತ್ತದೆ. ನನ್ನ ಮಟ್ಟಿಗೆ ಮರುಭೂಮಿಯ ಏಕಾಂತದ ಸೆಳೆತ ಇದೇ: ಗದ್ದಲದಲ್ಲಿ ಗಮನಕ್ಕೇ ಬಾರದ ಸಣ್ಣ ಸಂಗತಿಗಳಿಗೆ ಅಲ್ಲಿ ಪೂರ್ತಿ ಗಮನ ಸಿಗುತ್ತದೆ. ಇದಕ್ಕೆ ಕಾರು ಓಡಿಸುವುದಷ್ಟೇ ಸಾಲದು, ಮತ್ತೆ ಮತ್ತೆ ನಿಲ್ಲಿಸಬೇಕು. ಹಾಗೆಯೇ, ದಯವಿಟ್ಟು ರಸ್ತೆ ಬಿಟ್ಟು ದಿಬ್ಬಗಳ ಮೇಲೆ ವಾಹನ ಹತ್ತಿಸಬೇಡಿ. ಬರಿಯ ಮರಳಿನಂತೆ ಕಾಣುವಲ್ಲಿ ಸೇವಣ್ ಹುಲ್ಲಿನ ಬುಡಗಳಿರುತ್ತವೆ. ಮರಳನ್ನು ಹಿಡಿದಿಡುವುದೂ ಅಲ್ಲಿಯ ಹಸುಗಳನ್ನು ಸಾಕುವುದೂ ಅದೇ ಹುಲ್ಲು.

ಪ್ರಶ್ನೆ: ಮರಳಿನ ನಾಡಿಗೆ ಫೋರ್ ವೀಲ್ ಡ್ರೈವ್ ವಾಹನವೇ ಬೇಕೆ? (ತುಮಕೂರಿನ ಓದುಗರು)

ಉತ್ತರ: ಬೇಡ. ನಾನು ಹೇಳಿದ ದಾರಿಗಳೆಲ್ಲ ಡಾಂಬರು ರಸ್ತೆಗಳು, ಸಾಮಾನ್ಯ ಕಾರು ಸಾಕು. ಅಂಚಿನ ಮರಳಿನಲ್ಲಿ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಕಾರು ಇಳಿಯುತ್ತದೆ. ಟೈರಿನ ಗಾಳಿಯನ್ನು ಅರ್ಧದಷ್ಟಕ್ಕೆ ಇಳಿಸಿ, ಚಕ್ರದ ಮುಂದಿನ ಮರಳನ್ನು ಕೈಯಿಂದ ಸರಿಸಿ, ಸ್ಟೀರಿಂಗ್ ನೇರವಾಗಿಟ್ಟುಕೊಂಡು ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಕ್ಕೆ ತೆಗೆಯಿರಿ. ಮತ್ತೆ ಗಾಳಿ ತುಂಬಲು ಸಣ್ಣ ಪಂಪೊಂದು ಜೊತೆಯಲ್ಲಿರಲಿ.

ಪ್ರಶ್ನೆ: ಐವತ್ತು ದಾಟಿದ ಮಹಿಳೆ ನಾನು. ಒಬ್ಬಳೇ ಕಾರು ಓಡಿಸಿಕೊಂಡು ಈ ಭಾಗದಲ್ಲಿ ಸಂಚರಿಸುವ ಆಸೆ ಬಹಳ ದಿನಗಳದ್ದು. ಮನೆಯವರು ಹೆದರುತ್ತಾರೆ. (ಮೈಸೂರಿನ ಓದುಗರು)

ಉತ್ತರ: ಹೋಗಿ ಬನ್ನಿ. ಮನೆಯವರ ಹೆದರಿಕೆಯನ್ನು ತಳ್ಳಿಹಾಕದೆ, ಅದು ಯಾವುದರ ಹೆದರಿಕೆ ಎಂದು ಬಿಡಿಸಿ ನೋಡಿದರೆ ಸಿದ್ಧತೆ ಸುಲಭವಾಗುತ್ತದೆ. ಆ ರಸ್ತೆಗಳಲ್ಲಿ ನಾನು ಮುಖ್ಯವೆಂದು ಎಣಿಸುವ ಅಪಾಯ ಜಾನುವಾರುಗಳದ್ದು, ಅದರಲ್ಲೂ ಒಂಟೆಯದ್ದು. ಒಂಟೆಯ ಕಾಲು ಉದ್ದವಾಗಿರುವುದರಿಂದ ಕಾರು ತಾಗಿದಾಗ ಅದರ ಮೈಭಾರವೆಲ್ಲ ಮುಂಗಾಜಿನ ಮೇಲೇ ಬಂದು ಬೀಳುತ್ತದೆ. ಕತ್ತಲಲ್ಲಿ ಅದರ ಬಣ್ಣ ಮರಳಿನಿಂದ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಸೂರ್ಯ ಮುಳುಗುವ ಮೊದಲು ತಂಗುವ ಜಾಗ ಸೇರಿಬಿಡುವುದು ಒಂದು ನಿಯಮವೇ ಆಗಲಿ. ರಾಮ್‌ಗಢದಲ್ಲಿ ಇಂಧನದ ಟ್ಯಾಂಕ್ ತುಂಬಿಸಿಕೊಳ್ಳಿ, ಕಾರಿನಲ್ಲಿ ಕುಡಿಯುವ ನೀರು ದಿನಕ್ಕೆ ಬೇಕಾದುದಕ್ಕಿಂತ ಎರಡು ಪಟ್ಟು ಇರಲಿ. ಮೊಬೈಲ್ ಸಂಕೇತ ಬಿಟ್ಟುಬಿಟ್ಟು ಸಿಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ತಂಗಿದ ಮನೆಯವರಿಗೆ ತಿಳಿಸಿಯೇ ಹೊರಡಿ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ತನೋಟ್‌ನಿಂದಾಚೆ ಗಡಿಯ ಕಡೆ ಹೋಗಲು ಗಡಿ ಭದ್ರತಾ ಪಡೆಯ ಅನುಮತಿ ಬೇಕು. ಪರಿಸ್ಥಿತಿಗೆ ತಕ್ಕಂತೆ ನಿಯಮ ಬದಲಾಗುವುದರಿಂದ ಜೈಸಲ್ಮೇರ್‌ನಲ್ಲೇ ವಿಚಾರಿಸಿ.

ಕಾಲವೂ ಮುಖ್ಯ. ಇದೇ ಪ್ರದೇಶದ ಫಲೋದಿಯಲ್ಲಿ 2016ರ ಮೇ 19ರಂದು ಉಷ್ಣಾಂಶ 51 ಡಿಗ್ರಿ ಮುಟ್ಟಿತ್ತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಒಣಹವೆ ಮತ್ತು ಮೋಡವಿಲ್ಲದ ಆಕಾಶದಿಂದಾಗಿ ಹಗಲಿನ ಶಾಖ ಸಂಜೆಯಾಗುತ್ತಲೇ ಹಾರಿಹೋಗುತ್ತದೆ, ಹಾಗಾಗಿ ದಪ್ಪ ಉಣ್ಣೆಯ ಬಟ್ಟೆ ಬೇಕೇ ಬೇಕು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋದರೆ ನಕ್ಷತ್ರಗಳು ಹೆಚ್ಚು ಕಾಣುತ್ತವೆ. ರಾತ್ರಿ ಅಂಗಳದಲ್ಲಿ ನಡೆಯುವಾಗ ಬೂಟು, ಟಾರ್ಚು ಎರಡನ್ನೂ ಮರೆಯಬೇಡಿ. ಬೇಸಿಗೆಯ ಹಗಲಿನಲ್ಲಂತೂ ಈ ಸಾಹಸ ಖಂಡಿತ ಬೇಡ.

ಪ್ರಶ್ನೆ: ನಾಲ್ಕು ದಿನದ ಏಕಾಂತ ಪ್ರವಾಸಿಗೆ ಹಿತವೇ ಇರಬಹುದು. ವರ್ಷವಿಡೀ ಅಲ್ಲೇ ಇರುವವರಿಗೆ ಒಂಟಿತನ ಕಾಡುವುದಿಲ್ಲವೆ? (ರಾಯಚೂರಿನ ಓದುಗರು)

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ನಿಮ್ಮದು. ನಾವು ಏಕಾಂತ ಎನ್ನುವ ಆ ವಿಸ್ತಾರ ಅಲ್ಲಿಯವರಿಗೆ ನೀರಿನ ಲೆಕ್ಕಾಚಾರದ ಫಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ಒಂದು ಜಾಗದ ನೀರು ಎಷ್ಟು ಜನರನ್ನು, ಎಷ್ಟು ಜಾನುವಾರುಗಳನ್ನು ಸಾಕಬಲ್ಲದೋ ಅಷ್ಟೇ ಮನೆಗಳು ಅಲ್ಲಿ ನಿಲ್ಲುತ್ತವೆ, ಮುಂದಿನ ಊರು ದೂರ ಸರಿಯುತ್ತದೆ. ಕೆಲವೆಡೆ ಮರಳಿನ ಕೆಳಗೆ ಜಿಪ್ಸಂ ಅಥವಾ ಸುಣ್ಣದಂಥ ಗಟ್ಟಿ ಪದರವಿದ್ದು, ಮಳೆಯ ತೇವ ಆಳದ ಉಪ್ಪುನೀರಿಗೆ ಸೇರದಂತೆ ಅದು ತಡೆಯುತ್ತದೆ. ಅಂಥಲ್ಲಿ ಒಬ್ಬ ಮನುಷ್ಯ ಕುಳಿತು ಅಗೆಯುವಷ್ಟೇ ಅಗಲದ ಕೂಯಿ ಎಂಬ ಬಾವಿ ತೋಡುತ್ತಾರೆ. ಮರಳಿನಿಂದ ಹನಿಹನಿಯಾಗಿ ಜಿನುಗಿದ್ದನ್ನು ಕಾದು ಎತ್ತಿಕೊಳ್ಳಬೇಕು. ಬಾಯಿ ಕಿರಿದಾಗಿರುವುದರಿಂದ ನೀರು ಆವಿಯಾಗುವುದೂ ಕಡಿಮೆ. ಪಾಲಿವಾಲ್ ಬ್ರಾಹ್ಮಣರು ಬೆಳೆಸಿದ ಖಡೀನ್ ಪದ್ಧತಿಯಲ್ಲಿ, ಕಲ್ಲುನೆಲದಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಮಣ್ಣಿನ ಒಡ್ಡು ಕಟ್ಟಿ, ನೀರು ಇಂಗಿದ ಮೇಲೆ ಉಳಿದ ಹಸಿಯಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ತೊರೆದುಹೋದ ಕುಲಧರಾ ಗ್ರಾಮವನ್ನು ಇಂದು ದೆವ್ವದ ಊರೆಂದು ತೋರಿಸುತ್ತಾರೆ. ಅಷ್ಟು ಅಚ್ಚುಕಟ್ಟಾಗಿ ಬೀದಿ ಹಾಕಿ, ಅಷ್ಟು ಕಡಿಮೆ ನೀರಿನಲ್ಲಿ ಬೇಸಾಯ ಮಾಡಿದ ಜನರ ನೆನಪಿಗೆ ಈ ದೆವ್ವದ ಕತೆಯಿಂದ ಅನ್ಯಾಯವಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ.

ಒಂಟಿತನದ ಬಗ್ಗೆ ಕೇಳಿದಿರಿ. ಊರುಗಳು ದೂರವಾದಷ್ಟೂ ಬಂಧ ಬಿಗಿಯಾಗಿರುತ್ತದೆ. ಮಾಂಗಣಿಯಾರ್ ಗಾಯಕರು ತಲೆಮಾರುಗಳಿಂದ ತಮ್ಮ ಆಶ್ರಯದಾತ ಕುಟುಂಬಗಳ ಜನನ, ಮದುವೆಗಳಿಗೆ ಹೋಗಿ ಕಮಾಯಿಚಾ ಎಂಬ ತಂತಿವಾದ್ಯ ನುಡಿಸಿ ಹಾಡುತ್ತ ಬಂದಿದ್ದಾರೆ. ಗಾಯಕರು ಮುಸಲ್ಮಾನರು, ಆಶ್ರಯದಾತರಲ್ಲಿ ಹೆಚ್ಚಿನವರು ಹಿಂದೂಗಳು. ರಸ್ತೆ ಬದಿಯ ಚಹದಂಗಡಿಯಲ್ಲಿ ನಿಮ್ಮ ಊರು, ಮಕ್ಕಳು, ಮಳೆ ಎಲ್ಲವನ್ನೂ ವಿಚಾರಿಸಿಯೇ ಬಿಡುತ್ತಾರೆ. ಅದನ್ನು ನಿಮ್ಮ ಏಕಾಂತಕ್ಕೆ ಅಡ್ಡಿ ಎಂದುಕೊಳ್ಳದೆ ಕುಳಿತು ಉತ್ತರಿಸಿ. ಹಾಗೆಂದು ಅಲ್ಲಿ ಕಷ್ಟವಿಲ್ಲವೆಂದಲ್ಲ. ಶಾಲೆ, ಆಸ್ಪತ್ರೆ, ಹೆರಿಗೆಗೂ ದೂರ ಹೋಗಬೇಕಾದವರ ದೃಷ್ಟಿಯಲ್ಲಿ ದೂರವೆಂಬುದು ಸೌಂದರ್ಯವಲ್ಲ, ಹೊರೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ಎರೆ ಹೊಲಗಳಲ್ಲಿ ಅಪರೂಪಕ್ಕೊಮ್ಮೆ ಕಾಣುವ ಎರ್ಲಡ್ಡು ಹಕ್ಕಿ ಜೈಸಲ್ಮೇರ್‌ನಲ್ಲಿ ಹೆಚ್ಚಾಗಿದೆಯಂತೆ. ಪ್ರವಾಸದಲ್ಲಿ ನೋಡಬಹುದೆ? (ಸಿರುಗುಪ್ಪದ ಶಾಲಾ ಶಿಕ್ಷಕರು)

ಉತ್ತರ: ನೋಡುವ ಸಾಧ್ಯತೆ ಇದೆ, ಭರವಸೆ ಕೊಡಲಾರೆ. ರಾಜಸ್ಥಾನದಲ್ಲಿ ಗೋಡಾವಣ್ ಎಂದು ಕರೆಯುವ ಈ ಗ್ರೇಟ್ ಇಂಡಿಯನ್ ಬಸ್ಟರ್ಡ್ ಆ ರಾಜ್ಯದ ಪಕ್ಷಿ. ದೇಶದಲ್ಲಿ ಉಳಿದಿರುವ ನೂರೈವತ್ತರ ಆಸುಪಾಸಿನ ಹಕ್ಕಿಗಳಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲಿವೆ. ತೆರೆದ ಹುಲ್ಲುಗಾವಲೇ ಅದರ ಮನೆ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮುಂದಿನದನ್ನು ಸರಿಯಾಗಿ ಕಾಣದ ಭಾರದ ಹಕ್ಕಿಯಾದ್ದರಿಂದ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಈ ತಂತಿಗಳ ವಿಷಯ 2021ರಲ್ಲೂ 2024ರಲ್ಲೂ ಸುಪ್ರೀಂ ಕೋರ್ಟಿನ ಆದೇಶಗಳನ್ನು ಕಂಡಿದೆ. ನಾವು ಖಾಲಿ ಎಂದು ಕರೆಯುವ ಬಯಲನ್ನು ಗಾಳಿಯಂತ್ರಕ್ಕೂ ಸೌರಫಲಕಕ್ಕೂ ಸುಲಭವಾಗಿ ಬಿಟ್ಟುಕೊಡುತ್ತೇವೆ. ಆ ಬಯಲು ಎಂದೂ ಖಾಲಿಯಾಗಿರಲಿಲ್ಲ ಎಂಬುದಕ್ಕೆ ಈ ಹಕ್ಕಿಯೇ ಸಾಕ್ಷಿ.

ಸಮ್ ಮತ್ತು ರಾಮದೇವ್ರಾಗಳಲ್ಲಿರುವ ಈ ಹಕ್ಕಿಯ ಸಂತಾನಾಭಿವೃದ್ಧಿ ಕೇಂದ್ರಗಳು ಪ್ರವಾಸಿತಾಣಗಳಲ್ಲ, ಅಲ್ಲಿಗೆ ಹೋಗಲು ಪ್ರಯತ್ನಿಸಬೇಡಿ. 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಯೊಡನೆ ಬೆಳಿಗ್ಗೆ ಬೇಗ ಹೋಗಿ. ದುರ್ಬೀನು ಜೊತೆಗಿರಲಿ. ಹಕ್ಕಿ ಕಂಡರೆ ಕಾರಿನಿಂದ ಇಳಿಯದೆ, ಹತ್ತಿರ ಹೋಗಲು ಯತ್ನಿಸದೆ ದೂರದಿಂದಲೇ ನೋಡಿ.