ಏರ್‌ಪೋರ್ಟಿನಲ್ಲಿ ನೀರು, ಕರೆಂಟು ಉಳಿಸುವುದು ನಿಜವಾ, ಬರೀ ಬೋರ್ಡಾ?

ಸೋಲಾರ್ ಹಾಕಿದ್ದೇವೆ, ಮಳೆನೀರು ಹಿಡಿಯುತ್ತೇವೆ ಅಂತ ಏರ್‌ಪೋರ್ಟಿನವರು ದೊಡ್ಡ ಬೋರ್ಡು ಹಾಕುತ್ತಾರಲ್ಲ, ಅದರಲ್ಲಿ ನಿಜ ಎಷ್ಟು ಅಂತ ಕೇಳಿದ್ದೀರಿ. ನಾನು ಆರು ವರ್ಷ ಒಂದು ಏರ್‌ಪೋರ್ಟಿನ ಎಸಿ ಪ್ಲಾಂಟಿನಲ್ಲಿ ಕೆಲಸ ಮಾಡಿದವನು. ಯಾವ ಊರು ಅನ್ನೋದು ಬೇಡ ಬಿಡಿ. ಬೋರ್ಡು ಸುಳ್ಳಲ್ಲ. ಆದರೆ ಕಷ್ಟದ ಕೆಲಸ ಬೋರ್ಡಿಗೆ ಬರುವುದಿಲ್ಲ.

ಕೊಚ್ಚಿಯನ್ನೇ ನೋಡಿ. 2013ರಲ್ಲಿ ಚಾವಣಿ ಮೇಲೆ 100 ಕಿಲೋವ್ಯಾಟ್ ಪ್ಯಾನೆಲ್ ಹಾಕಿ ಶುರು ಮಾಡಿದರು. 2015ರ ಆಗಸ್ಟ್ ಹೊತ್ತಿಗೆ ಕಾರ್ಗೋ ಕಟ್ಟಡದ ಹತ್ತಿರ 45 ಎಕರೆಯಲ್ಲಿ 12 ಮೆಗಾವ್ಯಾಟ್ ಆಯಿತು, ಪೂರ್ತಿ ಸೋಲಾರಿನಲ್ಲಿ ನಡೆಯುವ ಜಗತ್ತಿನ ಮೊದಲ ಏರ್‌ಪೋರ್ಟ್ ಅಂತ ಹೆಸರೂ ಬಂತು. ರಾತ್ರಿ ಏನು ಮಾಡುತ್ತಾರೆ ಅಂದ್ರಾ? ಹಗಲು ಉಳಿದದ್ದನ್ನು ಗ್ರಿಡ್ಡಿಗೆ ಕೊಟ್ಟು ರಾತ್ರಿ ವಾಪಸ್ ತಗೊಳ್ಳುತ್ತಾರೆ, ಪಕ್ಕದ ಮನೆಗೆ ಸಕ್ಕರೆ ಕೊಟ್ಟು ಇಸಕೊಂಡ ಹಾಗೆ. ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಪ್ಯಾನೆಲ್ ಮೇಲೆ ದೂಳು ಕೂತರೆ ಕರೆಂಟು ಕಡಿಮೆ, ತೊಳೆದರೆ ನೀರು ಖರ್ಚು. ಅವರು ಪ್ಯಾನೆಲ್ ಅಡಿಯಲ್ಲೇ ತರಕಾರಿ ಹಾಕಿ, ತೊಳೆದ ನೀರನ್ನು ಅದಕ್ಕೆ ಬಿಟ್ಟರು.

ಏರ್‌ಪೋರ್ಟಿನಲ್ಲಿ ಎಲ್ಲ ಕಡೆ ಇದೇ ಕಥೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಟರ್ಮಿನಲ್ಲಿನ ಕರೆಂಟಿನಲ್ಲಿ ದೊಡ್ಡ ಪಾಲು ತಿನ್ನುವುದು ಎಸಿ. ಎಸಿಗೆ ಬೇಕಾದ ನೀರನ್ನು ತಣ್ಣಗೆ ಮಾಡುವ ಯಂತ್ರಕ್ಕೆ ಚಿಲ್ಲರ್ ಅಂತಾರೆ. ಅದರ ಬಿಸಿಯನ್ನು ನೀರು ಆವಿಮಾಡಿ ಹೊರಗೆ ಹಾಕುವ ಗೋಪುರ, ಅಂದರೆ ಕೂಲಿಂಗ್ ಟವರ್, ಇದ್ದರೆ ಕರೆಂಟು ಕಡಿಮೆ ಸಾಕು, ಆದರೆ ನೀರು ಹಗಲೂ ರಾತ್ರಿ ಆವಿಯಾಗಿ ಹೋಗುತ್ತಿರುತ್ತದೆ. ಬರೀ ಫ್ಯಾನಿನಲ್ಲಿ ತಣಿಸುವ ಚಿಲ್ಲರಿಗೆ ನೀರು ಬೇಡ, ಮೀಟರ್ ಮಾತ್ರ ಓಡುತ್ತದೆ. ಇದಕ್ಕೆ ದಾರಿ ಅಂದರೆ ಟಾಯ್ಲೆಟ್, ಅಡುಗೆಮನೆಯ ನೀರನ್ನು ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಘಟಕದಲ್ಲಿ, ಶುದ್ಧಮಾಡಿ ಟವರಿಗೆ ಕೊಡುವುದು. ನಾವೂ ಕೊಟ್ಟೆವು. ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಸರಿಯಾಗಿ ನೋಡದೆ ಕೊಟ್ಟಿದ್ದರಿಂದ ಮೊದಲ ಬೇಸಿಗೆಯಲ್ಲೇ ಕೊಳವೆ ಒಳಗೆ ಗಾರೆ ಮೆತ್ತಿದ ಹಾಗೆ ಬಿಳಿ ಪದರ ಕಟ್ಟಿತು, ತಣ್ಣಗಾಗೋದು ನಿಂತಿತು, ಉಳಿಸಿದ ನೀರಿನ ದುಡ್ಡೆಲ್ಲ ಕರೆಂಟ್ ಬಿಲ್ಲಿಗೆ ಹೋಯಿತು. ಇನ್ನೊಂದು ನಮ್ಮದೇ ತಪ್ಪು: ರಾತ್ರಿ ಎರಡು ಗಂಟೆಗೆ ಜನರಿಲ್ಲದ ಟರ್ಮಿನಲ್ಲಿನಲ್ಲೂ ಎಸಿ 21 ಡಿಗ್ರಿ. ಬೆಳಿಗ್ಗೆ ಯಾರಾದರೂ ಸೆಕೆ ಅಂತ ಕಂಪ್ಲೇಂಟ್ ಕೊಟ್ಟಾರು ಅನ್ನೋ ಭಯ, ಅಷ್ಟೇ. ಅದನ್ನು 24 ಮಾಡೋಕೆ ಒಂದು ರೂಪಾಯಿ ಖರ್ಚಿಲ್ಲ, ಒಪ್ಪಿಸೋಕೆ ನಮಗೆ ಒಂದು ವರ್ಷ ಹಿಡಿಯಿತು.

ಮಳೆನೀರಿಗೆ ಬರೋಣ. ಬೆಂಗಳೂರಿನ ಒಂದು ರನ್‌ವೇ 4000 ಮೀಟರ್ ಉದ್ದ, 45 ಮೀಟರ್ ಅಗಲ. 50 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟರ ಮೇಲೇ 90 ಲಕ್ಷ ಲೀಟರ್. ಅಂದರೆ 12 ಸಾವಿರ ಲೀಟರಿನ 750 ಟ್ಯಾಂಕರ್! ಹಾಗಾದರೆ ಪಕ್ಕದಲ್ಲೇ ಒಂದು ಕೆರೆ ತೋಡಿದರಾಯಿತು ಅಂತ ನಾನೂ ಅಂದುಕೊಂಡಿದ್ದೆ. ಕೆರೆ ಇದ್ದಲ್ಲಿ ಕೊಕ್ಕರೆ ಬರುತ್ತದೆ, ಕೊಕ್ಕರೆ ಇಂಜಿನ್ನಿಗೆ ಸಿಕ್ಕಿದರೆ ಮುಗೀತು. ಹಾಗಾಗಿ ರನ್‌ವೇ ಹತ್ತಿರ ತೆರೆದ ನೀರಿಗೆ ತುಂಬಾ ಹೆದರುತ್ತಾರೆ. ನೆಲದಡಿ ತೊಟ್ಟಿ, ಇಂಗುಗುಂಡಿ ಇವೇ ಗತಿ. ಅದರಲ್ಲೂ ಮೊದಲ ಮಳೆಯ ನೀರು ಎಣ್ಣೆ, ಟಯರ್ ರಬ್ಬರ್ ಎಲ್ಲ ತೊಳೆದುಕೊಂಡು ಬರುತ್ತದೆ, ಅದನ್ನು ಹಾಗೇ ಇಂಗಿಸೋ ಹಾಗಿಲ್ಲ.

ದೆಹಲಿ ಏರ್‌ಪೋರ್ಟು 2022ರ ಜೂನಿನಿಂದ ಪೂರ್ತಿ ಜಲವಿದ್ಯುತ್ತು, ಸೋಲಾರಿನಲ್ಲೇ ನಡೆಯುತ್ತಿದೆ. ಒಳ್ಳೆಯದೇ. ಆದರೆ ಇದು ಕಟ್ಟಡದ ಲೆಕ್ಕ, ವಿಮಾನ ಉರಿಸುವ ಎಣ್ಣೆ ಇದರಲ್ಲಿಲ್ಲ. ನಿಂತ ವಿಮಾನಕ್ಕೂ ದೀಪ, ಎಸಿ ಬೇಕಲ್ಲ, ಅದಕ್ಕೆ ಬಾಲದೊಳಗೆ ಒಂದು ಪುಟ್ಟ ಇಂಜಿನ್ ಇರುತ್ತದೆ. ವಿಮಾನ ಹತ್ತಲು ನಡೆದುಹೋಗುವ ಏರೋಬ್ರಿಡ್ಜಿನಿಂದಲೇ ಕರೆಂಟು, ತಣ್ಣನೆ ಗಾಳಿ ಕೊಟ್ಟರೆ ಅದನ್ನು ನಿಲ್ಲಿಸಬಹುದು. ಮುಂದಿನ ಸಲ ಗೇಟಿನಲ್ಲಿ ಕೂತಾಗ ಗಾಜಿನಾಚೆ ನೋಡಿ. ವಿಮಾನದ ಹೊಟ್ಟೆಗೆ ದಪ್ಪನೆ ಪೈಪು ಸಿಕ್ಕಿಸಿದ್ದಾರಾ? ಸಿಕ್ಕಿಸದೆ ಪೈಪು ಸುಮ್ನೆ ಪಕ್ಕದಲ್ಲಿ ಸುತ್ತಿಟ್ಟಿದ್ದರೆ, ಬಾಲದ ಕಡೆ ಆ ಪುಟ್ಟ ಇಂಜಿನ್ನು ಎಣ್ಣೆ ಕುಡಿಯುತ್ತಿರೋ ಸಾಧ್ಯತೆ ಜಾಸ್ತಿ.