ನಾನು ಪೇಗನ್ ಅಂತ ಮನೆಯವರಿಗೂ ಚರ್ಚಿನವರಿಗೂ ಹೇಳಬೇಕಾ?

ನಿಮ್ಮ ಪ್ರಶ್ನೆ ಓದಿದ್ರೆ ನನ್ನ ಕಥೆನೇ ಯಾರೋ ಬರ್ದಂಗಿದೆ. ಹುಬ್ಬಳ್ಳಿ ಕಡೆ ಕ್ರಿಶ್ಚಿಯನ್ ಮನೆ, ಇಂಗ್ಲೆಂಡಲ್ಲಿ ಸೋದರಮಾವನ ಮನೇಲಿದ್ದುಕೊಂಡು ಮಾಸ್ಟರ್ಸ್, ಪೇಗನ್ ದಾರಿ (ಕ್ರಿಸ್ತನಿಗಿಂತ ಹಿಂದಿನ ಯುರೋಪಿನ ನಂಬಿಕೆಗಳನ್ನ ನೆನೆದು ಪ್ರಕೃತಿಯನ್ನ ಪೂಜಿಸೋ ದಾರಿ) ಹಿಡಿದು ಆರು ತಿಂಗಳಾಯ್ತು, ಹೇಳದೆ ಇರೋದು ಮೋಸ ಅನಿಸ್ತಿದೆ ಅಂತೀರಿ. ನೇರವಾಗಿ ಹೇಳ್ತೀನಿ, ಮಾವನ ಮನೇಲಿ ಇರೋ ತನಕ ಬಾಯಿ ಬಿಡಬೇಡಿ. ಮಾವ ಒಳ್ಳೆಯವರೇ ಇರಬಹುದು, ಆದ್ರೆ ಕೋಪದಲ್ಲಿ ಹೊರಗೆ ಹೋಗು ಅಂದ್ರೆ ರಾತ್ರಿ ಹನ್ನೊಂದಕ್ಕೆ ಸೂಟ್‌ಕೇಸ್ ಹಿಡ್ಕೊಂಡು ಎಲ್ಲಿಗೆ ಹೋಗ್ತೀರಿ ಅನ್ನೋದನ್ನ ಮೊದಲು ಯೋಚನೆ ಮಾಡಿ.

ನಾನು ಧಾರವಾಡದವಳು, ಇಲ್ಲಿ ಇಂಗ್ಲೆಂಡಲ್ಲಿ ನರ್ಸ್, ಎಂಟು ವರ್ಷದಿಂದ ಡ್ರೂಯಿಡ್ ದಾರಿಯವರ ಜೊತೆ ಇದ್ದೀನಿ, ಅದೂ ಪೇಗನ್‌ನಲ್ಲೇ ಒಂದು ಪಂಥ. ಹೇಳಬೇಕಾ ಬೇಡ್ವಾ ಅಂತ ನಾನೂ ಎರಡು ವರ್ಷ ತಲೆ ಕೆಡಿಸ್ಕೊಂಡೆ, ಕೊನೆಗೆ ನಾನು ಹೇಳಲೇ ಇಲ್ಲ, ವಾಟ್ಸಾಪ್ ಸ್ಟೇಟಸ್ ಹೇಳಿಬಿಡ್ತು. ಏವ್‌ಬರಿ ಅಂತ ವಿಲ್ಟ್‌ಶೈರಲ್ಲಿ ಒಂದೂರಿದೆ, ಊರಿನ ಸುತ್ತಲೇ ಸಾವಿರಾರು ವರ್ಷದ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿದ್ದಾರೆ, ಅಲ್ಲಿ ಕೈ ಕೈ ಹಿಡ್ಕೊಂಡು ನಿಂತಿರೋ ಫೋಟೋ ಹಾಕಿದ್ದೆ. ಮನೆಯವರನ್ನೆಲ್ಲ ಹೈಡ್ ಮಾಡಿದ್ದೆ, ಒಬ್ಬ ಕಸಿನ್ ಮರ್ತುಹೋಗಿದ್ದ. ಅಷ್ಟೇ ನೋಡಿ, ಭಾನುವಾರದ ಆರಾಧನೆ ಮುಗಿಯೋದ್ರೊಳಗೆ ಧಾರವಾಡದಲ್ಲಿ "ಅಕಿ ಅಲ್ಲಿ ಮಾಟಾ ಕಲಿಯಾಕತ್ತಾಳಂತ" ಅಂತ ಸುದ್ದಿ. ಬ್ರೇಕ್ ರೂಮಲ್ಲಿ ಟೀ ಕುಡೀತಿದ್ದಾಗ ಅವ್ವನ ವಿಡಿಯೋ ಕಾಲ್ ಬಂತು. ಹೆಂಗಿದಿ ಅಂತ ಕೇಳಲಿಲ್ಲ, "ಕೊಳ್ಳಾಗಿನ ಶಿಲುಬಿ ಎಲ್ಲಿ ಹೋತು?" ಅಂದ್ಲು. ಡ್ಯೂಟಿಗೆ ಚೈನ್ ಹಾಕೋ ಹಂಗಿಲ್ಲ, ಅದು ಲಾಕರಲ್ಲಿತ್ತು, ಆದ್ರೆ ಅವತ್ತು ಯಾರು ನಂಬ್ತಾರೆ.

ಅಲ್ಲಿಂದ ನನಗೆ ಗೊತ್ತಾಗಿದ್ದು ಏನಂದ್ರೆ ನಮ್ಮ ಮನೆಗಳಲ್ಲಿ ಗಲಾಟೆ ಮಾಡೋದು ಆ ಪದ. ನನ್ನ ಹಿಂದೂ ಫ್ರೆಂಡ್ ಒಬ್ಬಳು ತನ್ನ ತಾಯಿಗೆ ಇದೇ ವಿಷಯ ಹೇಳಿದ್ರೆ ಅವರು "ಅದರಾಗೇನೈತಿ, ನಾವೂ ಬನ್ನಿ ಗಿಡಕ್ಕ ಪೂಜಿ ಮಾಡ್ತೀವಲ್ಲ" ಅಂತ ರೊಟ್ಟಿ ಬಡಿಯೋದು ಮುಂದುವರಿಸಿದ್ರಂತೆ. ನಮಗೆ ಹಂಗಲ್ಲ. ಪೇಗನ್ ಅಂದ ಕೂಡಲೇ ಅವ್ವನ ಕಿವಿಗೆ ಬೀಳೋದು ಬೈಬಲಿನ ಅನ್ಯಜನರು, ವಿಗ್ರಹಾರಾಧನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು 1837ಕ್ಕೆ ಧಾರವಾಡ ಮುಟ್ಟಿದ್ರು, ಆಮೇಲೆ ಯಾವಾಗಲೋ ನಮ್ಮ ಮುತ್ತಜ್ಜನ ಅಪ್ಪ ಅನ್ಯಜನರ ಗುಂಪು ಬಿಟ್ಟು ಕ್ರಿಸ್ತನ ಕಡೆ ಬಂದ. ಅವನ ಸ್ವಂತ ತಾಯಿ ಅವನನ್ನ ಹೊಸ್ತಿಲು ದಾಟಿಸ್ಲಿಲ್ಲ, ಕಟ್ಟೆ ಮೇಲೆ ಕೂರಿಸಿ ನೀರು ಕೊಟ್ಟಳು ಅಂತ ನಮ್ಮನೇಲಿ ಇವತ್ತಿಗೂ ಹೇಳ್ತಾರೆ. ಅಷ್ಟು ಕಷ್ಟಪಟ್ಟು ಹೊರಗೆ ಬಂದವನ ಮರಿಮೊಮ್ಮಗಳ ಮಗಳು ಇಂಗ್ಲೆಂಡಿನ ಬಾಗಿಲಿಂದ ವಾಪಸ್ ಒಳಗೆ ಹೊಂಟಾಳ ಅಂದ್ರೆ ಅವ್ವಗೆ ಏನಾಗಿರಬೇಕು, ಈಗ ಅರ್ಥ ಆಗುತ್ತೆ. ಇಲ್ಲಿ ಕೆಲವು ಪೇಗನ್‌ಗಳು ತಮ್ಮನ್ನ ಕರ್ಕೊಳ್ಳೋ ವಿಚ್ ಅನ್ನೋ ಪದ ಅಂತೂ ತೆಗೀಲೇಬೇಡಿ, ಕನ್ನಡಕ್ಕೆ ಬಂದ ಕೂಡಲೇ ಮಾಟಗಾತಿ ಆಗುತ್ತೆ, ಊರಲ್ಲಿ ಒಬ್ಬ ಎಮ್ಮೆ ಸತ್ತವನಿದ್ರೂ ಸಾಕು, ನಿಮ್ಮ ಹೆಸರು ಸೇರಿಸ್ತಾನೆ.

(ಇಲ್ಲಿಯ ಪೇಗನ್‌ಗಳು ಮನೇಲಿ ಹೇಳೋದಕ್ಕೆ "ಪೊರಕೆ ಇಡೋ ಕಪಾಟಿಂದ ಹೊರಗೆ ಬರೋದು" ಅಂತಾರೆ, ಕಥೆಗಳಲ್ಲಿ ವಿಚ್‌ಗಳು ಪೊರಕೆ ಮೇಲೆ ಹಾರ್ತಾರಲ್ಲ ಅದಕ್ಕೆ. ನಮ್ಮನೇಲಿ ಕಸಬರಿಗೆ ಇಡೋದು ಬಾಗಿಲ ಹಿಂದೆ, ಒಬ್ಬರು ಒಳಗೆ ಬಂದ್ರೆ ಸಾಕು ಕೆಳಗೆ ಬೀಳುತ್ತೆ.)

ಕಾನೂನು, ಆಫೀಸು ಬಗ್ಗೆ ಹೆಚ್ಚು ಭಯ ಬೇಡ. ಮಾಟದ ವಿರುದ್ಧ ಇದ್ದ ವಿಚ್‌ಕ್ರಾಫ್ಟ್ ಆಕ್ಟ್ 1951ರಲ್ಲೇ ರದ್ದಾಯ್ತು, ಧರ್ಮ ನಂಬಿಕೆ ನೋಡಿ ಕೆಲಸದಲ್ಲಿ ಭೇದ ಮಾಡಬಾರದು ಅಂತ 2010ರ ಈಕ್ವಾಲಿಟಿ ಆಕ್ಟ್ ಇದೆ, ಡ್ರೂಯಿಡ್ ನೆಟ್‌ವರ್ಕ್ ಅನ್ನೋ ಸಂಘಕ್ಕೆ ಅದೇ ವರ್ಷ ಚಾರಿಟಿ ಮಾನ್ಯತೆ ಸಿಕ್ತು, 2021ರ ಸೆನ್ಸಸ್‌ನಲ್ಲಿ ಇಂಗ್ಲೆಂಡ್ ವೇಲ್ಸಲ್ಲಿ ಸುಮಾರು 74,000 ಜನ ಪೇಗನ್ ಅಂತ ಬರೆಸಿದ್ದಾರೆ, 2011ರಲ್ಲಿ 57,000 ಇತ್ತು. ವಾರ್ಡಲ್ಲಿ ಯಾರೂ ಕೇಳಲ್ಲ. ಆದ್ರೆ ಮಾವನ ಡೈನಿಂಗ್ ಟೇಬಲ್ಲಿಗೆ ಯಾವ ಆಕ್ಟೂ ಬರಲ್ಲ ಅಲ್ವಾ.

ಅವ್ವನ ಜೊತೆ ಮೂರು ತಿಂಗಳು ಮಾತೇ ಸರಿ ಇರಲಿಲ್ಲ, ಚರ್ಚಿನವರು ಮನೆಗೆ ಬಂದು ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿ ಹೋದ್ರು. ಮಧ್ಯದಲ್ಲಿ ನಿಂತಿದ್ದು ಅಕ್ಕ. ನಿಮಗೂ ಅಂಥ ಒಬ್ಬರು ಇದ್ರೆ ಮೊದಲು ಅವರಿಗೇ ಹೇಳಿ, ಅವರ ಮುಖ ನೋಡಿದ್ರೆ ಮುಂದಿನವರಿಗೆ ಹೇಳಬಹುದಾ ಇಲ್ವಾ ಗೊತ್ತಾಗುತ್ತೆ. ಅವ್ವಗೆ ಆಮೇಲೆ ನಾನು ಏನೂ ವಿವರಿಸೋಕೆ ಹೋಗಲಿಲ್ಲ, ಒಂದು ಸಂಜೆ ಫೋನ್ ತಿರುಗಿಸಿ ಕಿಟಕಿ ಕಟ್ಟೆ ತೋರಿಸಿದೆ. ಒಂದು ಮೇಣದಬತ್ತಿ, ನಾಲ್ಕು ಓಕ್ ಕಾಯಿ, ಊರಿಂದ ತಂದ ಜೋಳದ ತೆನೆ, ಒಂದು ಬಟ್ಟಲು.

"ಬಟ್ಲದಾಗ ಏನೈತಿ?"

"ನೀರವ್ವ."

"ಬರೇ ನೀರಾ?"

"ಬರೇ ನೀರು."

ಸ್ವಲ್ಪ ಹೊತ್ತು ನೋಡಿದ್ಲು. ಡಿಸೆಂಬರ್ ಕೊನೆಗೆ ಯೂಲ್ ಅನ್ನೋ ಚಳಿಗಾಲದ ಹಬ್ಬ ಮಾಡ್ತೀವಿ, ಹೊರಗೆ ಒಂದಿಷ್ಟು ಊಟ ಇಡ್ತೀವಿ, ನಮ್ಮ ಪಕ್ಕದ ಹೊಲದವರು ಎಳ್ಳ ಅಮಾಸಿಗೆ ಚರಗ ಚೆಲ್ತಿದ್ರಲ್ಲ ಹಂಗ ಅಂದೆ. ನಾವು ಮಿಶನ್‌ನವರಾದ್ರೂ ಆ ಹೊಲದಲ್ಲಿ ಕೂತು ಸಜ್ಜಿ ರೊಟ್ಟಿ, ಎಣ್ಣೆಗಾಯಿ ಉಂಡವರೇ. ಅವ್ವ "ಉಣ್ಣಾಕ ಹೋಗಿದ್ವಿ, ನಂಬಾಕ ಹೋಗಿದ್ದಿಲ್ಲ" ಅಂದ್ಲು. ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ, ಆದ್ರೆ ಆ ಬಟ್ಟಲು ನೋಡಿದ ಮೇಲೆ ಮಾಟದ ಮಾತು ತೆಗೀಲಿಲ್ಲ.

ಇನ್ನು ಚರ್ಚ್, ಇಲ್ಲಿಯ ಕನ್ನಡ ಕ್ರೈಸ್ತರ ಗುಂಪು, ದೊಡ್ಡಪ್ಪ ಚಿಕ್ಕಪ್ಪ, ಇವರಿಗೆಲ್ಲ ಹೇಳೋ ಸಾಲ ನಿಮ್ಮ ಮೇಲಿಲ್ಲ. ಮದುವೆ ಮಾತುಕತೆ ನಡೀತಿದ್ರೆ ಆ ಹುಡುಗನಿಗೋ ಹುಡುಗಿಗೋ ಮಾತ್ರ ಮೊದಲೇ ಹೇಳಿ, ಅಲ್ಲಿ ಮುಚ್ಚಿಟ್ರೆ ನಿಜವಾಗಲೂ ಮೋಸ. ಸ್ಟೇಟಸ್ ಪ್ರೈವಸಿ ಇವತ್ತೇ ಒಂದ್ಸಲ ಚೆಕ್ ಮಾಡಿ.

ಅಪ್ಪನಿಗೆ ನಾನು ಇನ್ನೂ ಹೇಳಿಲ್ಲ. ಅವರಿಗೆ ಗೊತ್ತಿರಲ್ಲ ಅಂತ ಹೆಂಗೆ ಹೇಳಲಿ, ಅಷ್ಟು ಜನ ಮನೆಗೆ ಬಂದು ಪ್ರಾರ್ಥನೆ ಮಾಡಿದ್ದಾರೆ. ಪ್ರತಿ ಭಾನುವಾರ ಫೋನ್ ಮಾಡಿ "ಚರ್ಚಿಗೆ ಹೋಗಿದ್ದ್ಯಾ?" ಅಂತಾರೆ, ನಾನು "ಡ್ಯೂಟಿ ಇತ್ತಪ್ಪ" ಅಂತೀನಿ, ಅರ್ಧದಷ್ಟು ಭಾನುವಾರ ಅದು ನಿಜವೇ ಇರುತ್ತೆ. "ಹೂಂ, ಉಂಡ್ಯಾ?" ಅಂತ ಮುಂದಕ್ಕೆ ಹೋಗ್ತಾರೆ.